ನೀರು ನೋಡಿ ರಾಡ್: ನಾಲ್ಕು ಫ್ಲೈ ರಾಡ್‌ಗಳನ್ನು ಬಳಸಿ ಬರೆದ ವಿಮರ್ಶೆ

ನನ್ನ ಮೊದಲ ಫ್ಲೈ ರಾಡನ್ನು, ಅಂದರೆ ಹುಸಿ ಕೀಟ ಕಟ್ಟಿ ಮೀನು ಹಿಡಿಯುವ ಗಾಳದ ಕೋಲನ್ನು, ನಾನು ಆರಿಸಿದ್ದು ಅಂಗಡಿಯ ಹಿಂದಿನ ಹುಲ್ಲುಹಾಸಿನ ಮೇಲೆ. ಅಂಗಡಿಯವರು ಕೈಗೆ ಕೊಟ್ಟ 9 ಅಡಿಯ ಬಿಗಿಯಾದ ರಾಡಿನಿಂದ ಲೈನು 60 ಅಡಿ ದೂರಕ್ಕೆ ಸಲೀಸಾಗಿ ಹಾರಿಹೋದಾಗ, ಇಷ್ಟು ಚೆನ್ನಾಗಿ ಎಸೆಯುವ ರಾಡ್ ಎಲ್ಲ ನೀರಿಗೂ ಆದೀತು ಎಂದು ನಂಬಿಬಿಟ್ಟೆ. ಮುಂದಿನ ವಾರ ಅದನ್ನೇ ಹಿಡಿದುಕೊಂಡು, ಎರಡೂ ದಡದ ಮರಗಳು ನೀರಿನ ಮೇಲೆ ಬಾಗಿಕೊಂಡಿದ್ದ ಒಂದು ಕಿರುತೊರೆಗೆ ಇಳಿದೆ. ಮೀನು ಇದ್ದದ್ದು ರಾಡಿನ ತುದಿಯಿಂದ ಹೆಚ್ಚೆಂದರೆ 20 ಅಡಿ ಆಚೆ. ಎಷ್ಟು ಬೀಸಿದರೂ ರಾಡ್ ಬಾಗಲಿಲ್ಲ. ಲೈನು ನೆಟ್ಟಗೆ ಬಿಚ್ಚಿಕೊಳ್ಳದೆ ಗುಪ್ಪೆಯಾಗಿ ನೀರಿಗೆ ಬಿತ್ತು. ಕೊನೆಗೊಮ್ಮೆ ಒಂದು ಟ್ರೌಟ್ ಮೀನು ಫ್ಲೈಯನ್ನು ಕಚ್ಚಿದಾಗ ನಾನು ರಾಡ್ ಎತ್ತಿದ ರಭಸಕ್ಕೆ ಫ್ಲೈಗೆ ಕಟ್ಟುವ ಕೂದಲೆಳೆಯಂಥ ತುದಿದಾರ, ಅಂದರೆ ಟಿಪ್ಪೆಟ್, ತುಂಡಾಯಿತು. ರಾಡಿನಲ್ಲಿ ದೋಷವೇನೂ ಇರಲಿಲ್ಲ, ಆ ನೀರಿಗೆ ಮಾತ್ರ ಅದು ಒಗ್ಗುವಂಥದ್ದಾಗಿರಲಿಲ್ಲ. ಅದಾದ ಮೇಲೆ ಹಲವು ರಾಡ್‌ಗಳನ್ನು ಕೊಂಡು, ಎರವಲು ಪಡೆದು, ಕೆಲವನ್ನು ಹಿಂದಿರುಗಿಸಿ, ಈಗ ನಾಲ್ಕನ್ನು ಉಳಿಸಿಕೊಂಡಿದ್ದೇನೆ. ಯಾವ ನೀರಿನಲ್ಲಿ ಯಾವುದು ನಡೆಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ಬಳಸಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ವಿಮರ್ಶೆಗೆ ಮೊದಲು, ರಾಡಿನ ಮೇಲೆ ಬರೆದಿರುವ ನಂಬರಿನ ಅರ್ಥವನ್ನು ಬಿಡಿಸಿ ಹೇಳಬೇಕು. ಅದು ತಿಳಿಯದೆ ಕೊಂಡದ್ದೇ ನನ್ನ ಮೊದಲ ತಪ್ಪಿಗೆ ಕಾರಣ. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ತನ್ನ ಭಾರದಿಂದ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂಬುದು ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ ಮಾಡಿದ ಹುಸಿ ಕೀಟ. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲ. ಆದ್ದರಿಂದ ಇಲ್ಲಿ ತೂಕವನ್ನು ಲೈನಿನಲ್ಲೇ ಇಟ್ಟಿರುತ್ತಾರೆ. ಪ್ಲಾಸ್ಟಿಕ್ ಲೇಪದ ಆ ದಪ್ಪ ಲೈನು ಗಾಳಿಯಲ್ಲಿ ಹಿಂದಕ್ಕೆ ಚಾಚಿಕೊಂಡಾಗ ಅದರ ಭಾರಕ್ಕೆ ರಾಡ್ ಬಾಗುತ್ತದೆ, ಬಾಗಿದ ರಾಡ್ ಮತ್ತೆ ನೆಟ್ಟಗಾಗುವಾಗ ಲೈನನ್ನು ಮುಂದಕ್ಕೆ ಚಿಮ್ಮಿಸುತ್ತದೆ. ರಾಡಿನ ಬುಡದಲ್ಲಿ ಕಾಣುವ 3, 5, 8 ಎಂಬ ನಂಬರು ಆ ರಾಡಿಗೆ ಯಾವ ತೂಕದ ಲೈನು ಹೊಂದುತ್ತದೆ ಎಂದು ಹೇಳುತ್ತದೆಯೇ ಹೊರತು ಅದು ಎಷ್ಟು ದೊಡ್ಡ ಮೀನನ್ನು ತಡೆದೀತು ಎಂದು ಹೇಳುವುದಿಲ್ಲ. ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ 1961ರಲ್ಲಿ ಗೊತ್ತುಮಾಡಿದ ಅಳತೆಯ ಪ್ರಕಾರ ಲೈನಿನ ಮೊದಲ 30 ಅಡಿಯನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. 3 ನಂಬರಿನ ಲೈನು 100 ಗ್ರೇನ್, 5 ನಂಬರಿನದು 140, 8 ನಂಬರಿನದು 210, ಸಮುದ್ರದ ಭಾರೀ ಮೀನುಗಳಿಗೆ ಬಳಸುವ 12 ನಂಬರಿನದು 380. 140 ಗ್ರೇನ್ ಎಂದರೆ ಸುಮಾರು 9 ಗ್ರಾಂ.

ಇದರಲ್ಲಿ ‘ಮೊದಲ 30 ಅಡಿ’ ಎಂಬ ಮಾತನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ದೂರು. ತುದಿಯಿಂದ 20 ಅಡಿ ಆಚೆ ಇರುವ ಮೀನಿಗೆ ಎಸೆಯುವಾಗ ಅದರಲ್ಲಿ 9 ಅಡಿಯನ್ನು ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಲೀಡರ್ ನುಂಗುತ್ತದೆ. ಸಣಕಲು ನೈಲಾನ್ ಎಳೆಯಾದ ಅದಕ್ಕೆ ಭಾರವೇ ಇಲ್ಲ. ಉಳಿದದ್ದು 11 ಅಡಿ ಲೈನು, ಅದೂ ಲೈನಿನ ಅತಿ ತೆಳುವಾದ ಮೂತಿ. ಹೀಗಾಗಿ 5 ನಂಬರಿನ ಲೈನು ಹಾಕಿದ್ದರೂ ರಾಡಿಗೆ ಸಿಗುವ ಭಾರ 50 ಗ್ರೇನನ್ನು ಮುಟ್ಟುವುದಿಲ್ಲ, ಅಂದರೆ ತಯಾರಕರು ಎಣಿಸಿದ್ದರ ಮೂರನೇ ಒಂದು ಭಾಗವಷ್ಟೇ. ಹುಲ್ಲುಹಾಸಿನ ಮೇಲೆ 60 ಅಡಿಗೆ ಸೊಗಸಾಗಿ ಬಾಗಿದ್ದ ನನ್ನ ರಾಡ್ ತೊರೆಯಲ್ಲಿ ದೊಣ್ಣೆಯಂತೆ ನಿಂತದ್ದು ಇದೇ ಕಾರಣಕ್ಕೆ.

ಅಂದಿನಿಂದ ನಾನು ರಾಡ್ ಆರಿಸುವಾಗ ಮೀನಿನ ಗಾತ್ರದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆ ನೀರಿನಲ್ಲಿ ಯಾವ ಗಾತ್ರದ ಫ್ಲೈ ಬಳಸಬೇಕಾಗುತ್ತದೆ ಎಂಬುದು ಮೊದಲ ಪ್ರಶ್ನೆ, ಏಕೆಂದರೆ ದೊಡ್ಡ ಫ್ಲೈ ಗಾಳಿಯನ್ನು ತಡೆಯುತ್ತದೆ, ಅದನ್ನು ಒಯ್ಯಲು ಭಾರದ ಲೈನೇ ಬೇಕು. ಕೊಕ್ಕೆಯ ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು: ಸೊಳ್ಳೆಯಷ್ಟಿರುವ 20 ನಂಬರಿನ ಫ್ಲೈಗೆ 3 ನಂಬರಿನ ಲೈನು ಸಾಕು, ಬೆರಳುದ್ದದ ಫ್ಲೈಗೆ 7 ಅಥವಾ 8 ಬೇಕು. ಎಷ್ಟು ದೂರಕ್ಕೆ, ಎಂಥ ಗಾಳಿಯಲ್ಲಿ ಎಸೆಯಬೇಕು ಎಂಬುದು ಎರಡನೆಯದು. ರಾಡಿನ ಬಳುಕನ್ನು ಅದು ನಿರ್ಧರಿಸುತ್ತದೆ. ಬೆನ್ನ ಹಿಂದೆ ಎಷ್ಟು ಜಾಗವಿದೆ, ನೀರಿನ ಅಗಲವೆಷ್ಟು ಎಂಬುದು ಉದ್ದವನ್ನು ನಿರ್ಧರಿಸುತ್ತದೆ.

ಬಳುಕಿನ ವಿಷಯದಲ್ಲಿ ತಯಾರಕರ ಮಾತು ಗೊಂದಲಮಯವಾಗಿದೆ. ಫಾಸ್ಟ್, ಮೀಡಿಯಂ, ಸ್ಲೋ ಎಂಬ ಹೆಸರುಗಳನ್ನು ಅವರು ತಮಗೆ ತೋಚಿದಂತೆ ಬಳಸುತ್ತಾರೆ. ಒಬ್ಬರ ಮೀಡಿಯಂ ಇನ್ನೊಬ್ಬರ ಫಾಸ್ಟ್ ಆಗಿರುವುದನ್ನು ಕೈಯಾರೆ ನೋಡಿದ್ದೇನೆ. ನನ್ನ ಮಟ್ಟಿಗೆ ನಾನು ತುದಿಬಳುಕು, ನಡುಬಳುಕು, ಬುಡಬಳುಕು ಎಂದು ಹೇಳಿಕೊಳ್ಳುತ್ತೇನೆ. ತುದಿಯ ಕಾಲುಭಾಗವಷ್ಟೇ ಸುಲಭವಾಗಿ ಬಾಗುವ ರಾಡ್ ಲೈನನ್ನು ಕಿರಿದಾದ ಸುರುಳಿಯಾಗಿ ವೇಗದಿಂದ ಕಳಿಸುತ್ತದೆ, ಗಾಳಿಯನ್ನು ಸೀಳುತ್ತದೆ, ಆದರೆ ಹತ್ತಿರದ ಎಸೆತದಲ್ಲಿ ಸತ್ತಂತಿರುತ್ತದೆ. ಬುಡದವರೆಗೂ ಬಾಗುವ ರಾಡ್ ನಿಧಾನ. ಅದು ಫ್ಲೈಯನ್ನು ನೀರಿನ ಮೇಲೆ ಎಲೆ ಬಿದ್ದಂತೆ ಇಳಿಸುತ್ತದೆ, ಮೀನು ಜಗ್ಗಿದಾಗ ತಾನೇ ಬಾಗಿ ತೆಳ್ಳನೆಯ ಟಿಪ್ಪೆಟನ್ನು ಕಾಪಾಡುತ್ತದೆ.

ನಾನು ಉಳಿಸಿಕೊಂಡವುಗಳಲ್ಲಿ ಚಿಕ್ಕದು ಏಳೂವರೆ ಅಡಿಯ, 3 ನಂಬರಿನ ಫೈಬರ್‌ಗ್ಲಾಸ್ ರಾಡ್. ಇದು ಬುಡಬಳುಕಿನದು. ಫೈಬರ್‌ಗ್ಲಾಸ್ ಹಳೆಯ ಕಾಲದ ಸಾಮಗ್ರಿ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ, ಅದು ಸರಿಯಲ್ಲ. ಹಿಂದೆ ಒಳ್ಳೆಯ ರಾಡ್‌ಗಳೆಲ್ಲ ದಕ್ಷಿಣ ಚೀನಾದ ಟಾಂಕಿನ್ ಬಿದಿರಿನವು. ಬಿದಿರನ್ನು ಆರು ತ್ರಿಕೋನ ಸೀಳುಗಳಾಗಿ ತರಿದು, ಅಂಟಿಸಿ, ಆರು ಮುಖದ ಕೋಲು ಮಾಡುತ್ತಿದ್ದರು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರವನ್ನು ನಿರ್ಬಂಧಿಸಿದಾಗ ಆ ಬಿದಿರು ಬರುವುದು ನಿಂತಿತು, ಆ ವೇಳೆಗಾಗಲೇ ಬಂದಿದ್ದ ಫೈಬರ್‌ಗ್ಲಾಸ್ ಅದರ ಜಾಗವನ್ನು ಹಿಡಿಯಿತು. 1973ರಲ್ಲಿ ಫೆನ್‌ವಿಕ್ ಕಂಪನಿ ಕಾರ್ಬನ್ ನಾರಿನ ರಾಡನ್ನು ಮಾರುಕಟ್ಟೆಗೆ ತಂದ ಮೇಲೆ ಫೈಬರ್‌ಗ್ಲಾಸ್ ಹಿಂದೆ ಸರಿಯಿತು, ಏಕೆಂದರೆ ಅಷ್ಟೇ ಬಿಗಿತವನ್ನು ಕಾರ್ಬನ್ ಬಹಳ ಕಡಿಮೆ ತೂಕದಲ್ಲಿ ಕೊಡುತ್ತದೆ. ಆದರೆ ನನಗೆ ಕಿರುತೊರೆಯಲ್ಲಿ ಬೇಕಾಗಿರುವುದು ಬಿಗಿತವೇ ಅಲ್ಲ.

ಈ ಪುಟ್ಟ ರಾಡನ್ನು ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತರೆ, 10 ಅಡಿ ಲೈನು ಹೊರಗಿದ್ದರೂ ಅದರ ಭಾರ ಹಿಡಿಯವರೆಗೆ ಇಳಿದು ಅಂಗೈಗೆ ತಿಳಿಯುತ್ತದೆ. ಮೇಲೆ ಕೊಂಬೆಗಳಿದ್ದರೆ ರಾಡನ್ನು ಪಕ್ಕಕ್ಕೆ ಮಲಗಿಸಿ ಬೀಸಬಹುದು. ಬೆನ್ನಿಗೆ ಪೊದೆ ಇದ್ದರೆ ಲೈನನ್ನು ಹಿಂದಕ್ಕೆ ಎಸೆಯದೆ, ನೀರಿನ ಮೇಲೆಯೇ ನಿಧಾನವಾಗಿ ಹತ್ತಿರಕ್ಕೆ ಎಳೆದುಕೊಂಡು ಉರುಳಿಸಿ ಬಿಡುವ ರೋಲ್ ಕಾಸ್ಟ್ ಮಾಡಬಹುದು. ಬಳುಕುವ ರಾಡಿನಲ್ಲಿ ಅದು ತಾನಾಗಿ ಒದಗಿ ಬರುತ್ತದೆ. ಇದಕ್ಕೆ ನಾನು 6ಎಕ್ಸ್ ಟಿಪ್ಪೆಟ್ ಕಟ್ಟುತ್ತೇನೆ. 11ರಿಂದ ಎಕ್ಸ್‌ನ ಸಂಖ್ಯೆಯನ್ನು ಕಳೆದರೆ ಉಳಿಯುವುದು ಇಂಚಿನ ಸಾವಿರದ ಲೆಕ್ಕದಲ್ಲಿ ಎಳೆಯ ದಪ್ಪ. ಹಾಗಾಗಿ 6ಎಕ್ಸ್ ಎಂದರೆ ಇಂಚಿನ ಸಾವಿರದಲ್ಲಿ 5 ಭಾಗ, ಮಿಲಿಮೀಟರಿನಲ್ಲಿ 0.13ರ ಆಸುಪಾಸು. ಅಷ್ಟು ತೆಳುವಾದ ಎಳೆ ಈ ರಾಡಿನಲ್ಲಿ ನನ್ನ ಕೈಯಲ್ಲಿ ಕಡಿದದ್ದು ಬಹಳ ಅಪರೂಪ. ಇದರ ಮಿತಿಯೂ ಸ್ಪಷ್ಟವಾಗಿದೆ. ಎದುರುಗಾಳಿ ಬೀಸಿದ ದಿನ ಇದು ಉಪಯೋಗಕ್ಕೆ ಬರುವುದಿಲ್ಲ. ಲೋಹದ ಮಣಿ ಪೋಣಿಸಿದ ಭಾರದ ಫ್ಲೈ ಕಟ್ಟಿದರೆ ಎಸೆತದ ಲಯ ಕೆಡುತ್ತದೆ. ಅಗಲವಾದ ಹೊಳೆಯಲ್ಲಿ ಸೆಳವಿನ ಮೇಲಿಂದ ಲೈನನ್ನು ಎತ್ತಿ ಆಚೆಗೆ ಹಾಕಲು ಇದರ ಉದ್ದ ಸಾಲದು. ಕಿರುತೊರೆಯ ಮಟ್ಟಿಗೆ ಹೇಳುವುದಾದರೆ, ನನ್ನ ನಾಲ್ಕರಲ್ಲಿ ನಾನು ಅತ್ಯಂತ ಪ್ರೀತಿಯಿಂದ ಕೈಗೆತ್ತಿಕೊಳ್ಳುವ ರಾಡ್ ಇದು.

ಎರಡನೆಯದು 9 ಅಡಿಯ, 5 ನಂಬರಿನ, ನಡುಬಳುಕಿನ ಕಾರ್ಬನ್ ರಾಡ್. ಒಂದೇ ರಾಡ್ ಕೊಳ್ಳಲು ಸಾಧ್ಯವಿರುವವರಿಗೆ ಎಲ್ಲರೂ ಹೇಳುವುದು ಈ ಅಳತೆಯನ್ನೇ, ನಾನೂ ಅದನ್ನೇ ಹೇಳುತ್ತೇನೆ, ಆದರೆ ‘ನಡುಬಳುಕಿನ’ ಎಂಬ ಷರತ್ತಿನೊಂದಿಗೆ. ನನ್ನ ಮೊದಲ ರಾಡಿನ ಮೇಲೆ ಬರೆದಿದ್ದದ್ದೂ 9 ಅಡಿ, 5 ನಂಬರ್. ಕಾಗದದ ಮೇಲೆ ಎರಡೂ ಒಂದೇ ಆದರೂ ಕೈಗೆ ಅವು ಬೇರೆ ಬೇರೆ ರಾಡ್‌ಗಳೆನಿಸುತ್ತಿದ್ದವು. ಈ ವ್ಯತ್ಯಾಸವನ್ನು ಅಳೆದು ನೋಡಲು ಅಮೆರಿಕದ ಹವ್ಯಾಸಿ ರಾಡ್ ತಯಾರಕರ ನಡುವೆ ‘ಕಾಮನ್ ಸೆಂಟ್ಸ್’ ಎಂಬ ಹೆಸರಿನ ಸರಳ ಕ್ರಮವಿದೆ. ರಾಡಿನ ಹಿಡಿಯನ್ನು ಮೇಜಿಗೆ ಅಲುಗಾಡದಂತೆ ಅಡ್ಡಲಾಗಿ ಬಿಗಿದು, ತುದಿಯ ಗೈಡಿಗೆ, ಅಂದರೆ ಲೈನು ಹಾದುಹೋಗುವ ಉಂಗುರಕ್ಕೆ, ಚಿಕ್ಕ ಚೀಲವೊಂದನ್ನು ತೂಗುಹಾಕಿ, ತುದಿಯು ರಾಡಿನ ಉದ್ದದ ಮೂರನೇ ಒಂದರಷ್ಟು ಕೆಳಕ್ಕೆ ಇಳಿಯುವವರೆಗೆ ಒಂದೊಂದೇ ನಾಣ್ಯ ಹಾಕುತ್ತ ಹೋಗಬೇಕು. 9 ಅಡಿಯ ರಾಡಿಗೆ ಅದು 3 ಅಡಿ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ನನ್ನ ಎರಡೂ ರಾಡ್‌ಗಳನ್ನು ಹೀಗೆ ಪರೀಕ್ಷಿಸಿದೆ. ನಡುಬಳುಕಿನ ರಾಡ್ ಗುರುತನ್ನು ಮುಟ್ಟಿದಷ್ಟೇ ನಾಣ್ಯಗಳಿಗೆ ಆ ಹಳೆಯ ರಾಡ್ ಇನ್ನೂ ಒಂದು ಗೇಣು ಮೇಲೆಯೇ ನಿಂತಿತ್ತು. ಅಂಗಡಿಯಲ್ಲಿ ನನಗೆ ಯಾರೂ ಹೇಳದ ಸಂಗತಿಯನ್ನು ಆ ಚೀಲ ಒಂದು ಗಳಿಗೆಯಲ್ಲಿ ಹೇಳಿತು.

ಲೈನಿನ ಮಾತೂ ಹೀಗೆಯೇ. ಈಗ ಮಾರಾಟವಾಗುವ ಎಷ್ಟೋ ಲೈನುಗಳು ತಮ್ಮ ಪೆಟ್ಟಿಗೆಯ ಮೇಲಿನ ನಂಬರಿಗಿಂತ ಅರ್ಧ ನಂಬರಿನಿಂದ ಒಂದು ನಂಬರಿನವರೆಗೆ ಭಾರವಾಗಿರುತ್ತವೆ, ಬಿಗಿಯಾದ ರಾಡ್‌ಗಳು ಬಾಗಲಿ ಎಂದೇ ಅವನ್ನು ಹಾಗೆ ಮಾಡುತ್ತಾರೆ. ಅಂಥ ಲೈನನ್ನು ಬಳುಕುವ ರಾಡಿಗೆ ಹಾಕಿದರೆ ರಾಡ್ ಸೋತು ಜೋಲುತ್ತದೆ, ದೋಷ ರಾಡಿನದೆಂದು ನಾವು ತಿಳಿಯುತ್ತೇವೆ. ಆದ್ದರಿಂದ ಪೆಟ್ಟಿಗೆಯ ಮೇಲೆ ನಂಬರಿನ ಜೊತೆಗೆ ಗ್ರೇನ್ ತೂಕ ಬರೆದಿದ್ದರೆ ಅದನ್ನೇ ನಂಬಬೇಕು.

ಈ 5 ನಂಬರಿನ ರಾಡಿನಿಂದ ನಾನು 10ರಿಂದ 18 ನಂಬರಿನವರೆಗಿನ ಫ್ಲೈಗಳನ್ನು ಹೊಳೆಯಲ್ಲಿಯೂ ಕೆರೆಯ ದಡದಲ್ಲಿಯೂ ಎಸೆದಿದ್ದೇನೆ. 25 ಅಡಿಯಿಂದ 50 ಅಡಿಯವರೆಗೆ ಇದರಷ್ಟು ಹಿತವಾದ ರಾಡ್ ನನ್ನ ಬಳಿ ಇನ್ನೊಂದಿಲ್ಲ. ಕೊರತೆ ಇರುವುದು ಕೆರೆಯಲ್ಲಿ: ಬಯಲಿನ ಗಾಳಿ ಎದ್ದಿತೆಂದರೆ 6 ನಂಬರ್ ಇರಬೇಕಿತ್ತು ಎನಿಸುತ್ತದೆ. ಇದರ ತುದಿಯನ್ನು ಒಮ್ಮೆ ನಾನೇ ಮುರಿದುಕೊಂಡೆ, ಆ ಸಂಗತಿ ಕಾರ್ಬನ್ ರಾಡ್ ಕೊಳ್ಳುವ ಎಲ್ಲರಿಗೂ ತಿಳಿದಿರಬೇಕು. ಟಂಗ್‌ಸ್ಟನ್ ಮಣಿಯ ಫ್ಲೈ ಕಟ್ಟಿ ಬೀಸುವಾಗ ಸುರುಳಿ ಕೆಳಕ್ಕಿಳಿದು ಮಣಿ ರಾಡಿಗೆ ತಗುಲಿ ‘ಟಿಕ್’ ಎಂದಿತು. ಕಣ್ಣಿಗೆ ಏನೂ ಕಾಣಲಿಲ್ಲ. ಎರಡು ವಾರದ ಬಳಿಕ, ಅಂಗೈಯಗಲದ ಮೀನನ್ನು ಬಲೆಯ ಬಳಿಗೆ ತರುತ್ತಿದ್ದಾಗ ರಾಡ್ ಅದೇ ಜಾಗದಲ್ಲಿ, ತುದಿಯಿಂದ ಒಂದು ಗೇಣು ಕೆಳಗೆ, ಚಟ್ಟನೆ ತುಂಡಾಯಿತು. ಕಾರ್ಬನ್ ನಾರುಗಳು ಎಳೆತವನ್ನು ಅದ್ಭುತವಾಗಿ ತಾಳುತ್ತವೆ, ಪೆಟ್ಟನ್ನು ತಾಳುವುದಿಲ್ಲ. ತುದಿಯಲ್ಲಿ ಕೊಳವೆಯ ಗೋಡೆ ಬಹಳ ತೆಳುವಾಗಿರುವುದರಿಂದ ಅಲ್ಲಿ ಆದ ಚಿಕ್ಕ ಗಾಯವೂ ಮುಂದೊಂದು ದಿನ ಬಿರುಕಾಗಿ ತೆರೆದುಕೊಳ್ಳುತ್ತದೆ. ಮೀನನ್ನು ಹತ್ತಿರಕ್ಕೆ ತರುವಾಗ ರಾಡನ್ನು ನೆಟ್ಟಗೆ ನಿಲ್ಲಿಸಿ ಹಿಂದಕ್ಕೆ ವಾಲಿಸಿದರೂ ಇದೇ ಗತಿ, ಏಕೆಂದರೆ ಆಗ ಭಾರವೆಲ್ಲ ತುದಿಯ ಒಂದು ಮೊಳದ ಮೇಲೆ ಬೀಳುತ್ತದೆ. ತಯಾರಕರು ಹೊಸ ತುದಿಯನ್ನು ಕಳಿಸಿದರು ನಿಜ, ಆದರೆ ಅದು ಕೈಸೇರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದು ಆ ಋತುವೇ ಮುಗಿದಿತ್ತು. ತುದಿಯ ತುಂಡನ್ನು ಬಿಡಿಯಾಗಿ ಮಾರುತ್ತಾರೆಯೇ, ಎಷ್ಟು ದಿನದಲ್ಲಿ ಕಳಿಸುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮೂರನೆಯದು 10 ಅಡಿಯ, 3 ನಂಬರಿನ ರಾಡ್. ನಂಬರ್ ಮೊದಲನೆಯದರಷ್ಟೇ ಇದ್ದರೂ ಕೆಲಸ ಪೂರ್ತಿ ಬೇರೆ. ರಭಸದ ಹರಿವಿನಲ್ಲಿ ತಳದಲ್ಲಿರುವ ಮೀನಿಗಾಗಿ, ನೀರೊಳಗಿನ ಮರಿಕೀಟಗಳನ್ನು ಹೋಲುವ ಭಾರದ ನಿಂಫ್‌ಗಳನ್ನು ಮುಳುಗಿಸಿ, ಲೈನು ನೀರನ್ನು ಮುಟ್ಟದಂತೆ ರಾಡನ್ನು ಎತ್ತಿ ಹಿಡಿದು ಹರಿವಿನ ಜೊತೆಗೆ ಸಾಗಿಸುವ ವಿಧಾನಕ್ಕೆ ಇದನ್ನು ಮಾಡಿದ್ದಾರೆ. ಇಲ್ಲಿ ಎಸೆತಕ್ಕಿಂತ ಸ್ಪರ್ಶ ಮುಖ್ಯ. ಫ್ಲೈ ಕಲ್ಲಿಗೆ ತಾಗಿದ್ದು, ಪಾಚಿಗೆ ತಡೆದದ್ದು, ಮೀನು ಬಾಯಿ ಹಾಕಿದ್ದು ಮೂರೂ ಬೇರೆ ಬೇರೆಯಾಗಿ ಬೆರಳಿಗೆ ತಿಳಿಯುವಷ್ಟು ಇದರ ತುದಿ ಮೃದುವಾಗಿದೆ, ನಡುವಿನಿಂದ ಕೆಳಗೆ ಮಾತ್ರ ಮೀನನ್ನು ತಡೆಯುವ ಬಲವಿದೆ. ಉದ್ದ ಹೆಚ್ಚಿರುವುದರಿಂದ ಮುಂಭಾರ ಬರುತ್ತದೆ. ನಾನು ಮೊದಲು ಹಗುರವಾದ ರೀಲ್ ಹಾಕಿ ಒಂದು ಗಂಟೆಯಲ್ಲಿ ಮಣಿಕಟ್ಟು ನೋಯಿಸಿಕೊಂಡೆ, ಭಾರದ ರೀಲ್ ಹಾಕಿದ ಮೇಲೆ ನೋವು ನಿಂತಿತು. ನೀರಿನ ಮೇಲೆ ತೇಲುವ ಫ್ಲೈಯನ್ನು ದೂರಕ್ಕೆ ಎಸೆಯಲು ಇದನ್ನು ಕೊಳ್ಳಬಾರದು. ಈ ವಿಧಾನದಲ್ಲಿ ಆಸಕ್ತಿ ಇಲ್ಲದವರಿಗೆ ಇದು ಬೇಡವೇ ಬೇಡ.

ನಾಲ್ಕನೆಯದು 9 ಅಡಿಯ, 8 ನಂಬರಿನ ತುದಿಬಳುಕಿನ ರಾಡ್, ಅಳಿವೆಗಳಿಗೂ ಸಮುದ್ರದ ಆಳವಿಲ್ಲದ ಬಯಲುನೀರಿಗೂ. ಕಿರುತೊರೆಯಲ್ಲಿ ನಾನು ದೂರಿದ ಬಿಗಿತ ಇಲ್ಲಿ ಬೇಕೇ ಬೇಕು. ಕಡಲ ತೀರದಲ್ಲಿ ಗಾಳಿ ನಿಲ್ಲುವುದಿಲ್ಲ, ಸೀಗಡಿ ಏಡಿಗಳನ್ನು ಹೋಲುವ ಫ್ಲೈಗಳು ಭಾರವಾಗಿರುತ್ತವೆ, ಬೋನ್‌ಫಿಶ್‌ನಂಥ ಮೀನು ಕಣ್ಣಿಗೆ ಕಂಡು ಮರೆಯಾಗುವ ಕೆಲವೇ ಕ್ಷಣಗಳಲ್ಲಿ, ಒಂದೆರಡು ಬೀಸಿನೊಳಗೆ ಫ್ಲೈ ಅದರ ಮುಂದೆ ಬಿದ್ದಿರಬೇಕು. ಈ ರಾಡ್ ಅದನ್ನು ಮಾಡುತ್ತದೆ. ಹಿಡಿಯ ಕೆಳಗೆ ಹೊಟ್ಟೆಗೆ ಆನಿಸಿಕೊಳ್ಳಲು ಒಂದು ಚಿಕ್ಕ ಕಾರ್ಕ್ ಗುಬುಟು ಇದೆ. ಮೀನು ನೂರು ಅಡಿ ಲೈನನ್ನು ಎಳೆದುಕೊಂಡು ಓಡುವಾಗ ಅದರ ಬೆಲೆ ಗೊತ್ತಾಗುತ್ತದೆ. ಬಳಸುವ ಲೈನಿನ ಬಗೆಗೂ ಒಂದು ಎಚ್ಚರ ಬೇಕು. ಬಿಸಿ ಹವೆಗೆಂದು ಮಾಡಿದ ಲೈನು ತಣ್ಣೀರಿನಲ್ಲಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ, ತಣ್ಣೀರಿನ ಲೈನು ಬಿಸಿಲಿನಲ್ಲಿ ಮೆತ್ತಗಾಗಿ ಗೈಡುಗಳಿಗೆ ಅಂಟುತ್ತದೆ. ಎರಡರಲ್ಲಿಯೂ ರಾಡ್ ಕೆಟ್ಟದ್ದೆನಿಸುತ್ತದೆ.

ಈ ರಾಡಿನ ಮೇಲೆ ನನಗಿರುವ ಆಕ್ಷೇಪಣೆ ಒಂದೇ: ದಿನವಿಡೀ ಬೀಸಿದರೆ ಭುಜ ಹಿಡಿದುಕೊಳ್ಳುತ್ತದೆ, ಲಯ ಸ್ವಲ್ಪ ತಪ್ಪಿದರೂ ಅದು ಕ್ಷಮಿಸುವುದಿಲ್ಲ. ಕೈ ಪಳಗದವರಿಗೆ ಇದಕ್ಕಿಂತ ಒಂದಿಷ್ಟು ಮೃದುವಾದ 8 ನಂಬರ್ ಸಿಕ್ಕರೆ ಅದೇ ಲೇಸು.

ಎರಡೂ ಕೈಯಲ್ಲಿ ಹಿಡಿದು ಬೀಸುವ 12ರಿಂದ 15 ಅಡಿಯ ರಾಡ್‌ಗಳನ್ನು ಸಾಲ್ಮನ್ ಮೀನಿನ ಅಗಲವಾದ ನದಿಗಳಿಗೆ ಬಳಸುತ್ತಾರೆ. ಅವನ್ನು ನಾನು ಎರವಲು ಪಡೆದು ಕೆಲವೇ ದಿನ ಬಳಸಿದ್ದರಿಂದ ವಿಮರ್ಶೆ ಬರೆಯುವ ಅಧಿಕಾರ ನನಗಿಲ್ಲ. ಕೊಳ್ಳುವವರು ತಿಳಿದಿರಬೇಕಾದ ಒಂದು ಮಾತಿದೆ: ಅವುಗಳ ಮೇಲಿನ 8 ಎಂಬ ನಂಬರೂ ಒಂದೇ ಕೈಯ ರಾಡಿನ 8 ಎಂಬ ನಂಬರೂ ಒಂದಲ್ಲ. ಎರಡು ಕೈಯ 8 ನಂಬರಿನ ರಾಡಿಗೆ ಬೇಕಾಗುವ ಲೈನಿನ ತೂಕ 210 ಗ್ರೇನಿನ ಎರಡು ಪಟ್ಟಿಗಿಂತಲೂ ಹೆಚ್ಚು.

ನಾಲ್ಕಕ್ಕೂ ಸಲ್ಲುವ ಕೆಲವು ಮಾತುಗಳು ಉಳಿದಿವೆ. ನಾಲ್ಕು ತುಂಡಾಗಿ ಬಿಚ್ಚುವ ರಾಡ್‌ಗಳಲ್ಲಿ ಜೋಡಣೆಯ ಜಾಗ ಬೀಸುತ್ತ ಬೀಸುತ್ತ ಸಡಿಲವಾಗುತ್ತದೆ, ಸಡಿಲವಾದದ್ದನ್ನು ಗಮನಿಸದೆ ಬೀಸಿದರೆ ಅಂಚು ಸೀಳುತ್ತದೆ. ಜೋಡಿಸುವಾಗ ಗೈಡುಗಳನ್ನು ಕಾಲು ಸುತ್ತಿನಷ್ಟು ಓರೆಯಾಗಿಟ್ಟು, ಒಳಕ್ಕೆ ಒತ್ತುತ್ತ ತಿರುಗಿಸಿ ನೇರಕ್ಕೆ ತಂದರೆ ಹಿಡಿತ ಗಟ್ಟಿಯಾಗುತ್ತದೆ. ಮೇಣದಬತ್ತಿಯ ಮೇಣವನ್ನು ತೆಳುವಾಗಿ ಸವರಿದರೆ ಇನ್ನೂ ಒಳ್ಳೆಯದು. ಗಂಟೆಗೊಮ್ಮೆ ಜೋಡಣೆಗಳನ್ನು ಬೆರಳಿನಿಂದ ಮುಟ್ಟಿ ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ದಡದ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ, ಗುಡುಗು ಕೇಳಿಸಿದ ಹೊತ್ತಿನಲ್ಲಿ, 9 ಅಡಿಯ ಆ ಕೋಲನ್ನು ಎತ್ತಿ ಹಿಡಿಯುವುದು ಪ್ರಾಣಕ್ಕೆ ಅಪಾಯ.

ಉಪ್ಪುನೀರಿನಿಂದ ಬಂದ ರಾಡನ್ನು ಅಂದೇ ಸಿಹಿನೀರಿನಲ್ಲಿ ತೊಳೆಯಬೇಕು, ರೀಲ್ ಕೂರುವ ಲೋಹದ ಉಂಗುರಗಳನ್ನು ತಿರುಗಿಸಿ ಅವುಗಳ ಸಂದಿಯನ್ನೂ ತೊಳೆಯಬೇಕು. ತೊಳೆದ ಮೇಲೆ ಒಣಗಿಸುವುದು ಅಷ್ಟೇ ಮುಖ್ಯ. ಒಂದು ರಾತ್ರಿ ದಣಿವಿನಲ್ಲಿ ನನ್ನ 8 ನಂಬರಿನ ರಾಡನ್ನು ಒದ್ದೆ ಬಟ್ಟೆಚೀಲದಲ್ಲಿಯೇ ಸುತ್ತಿ ಕೊಳವೆಗೆ ಹಾಕಿ ಮುಚ್ಚಳ ಬಿಗಿದು, ಹತ್ತು ದಿನ ಮರೆತೆ. ತೆರೆದಾಗ ಗೈಡುಗಳ ಬುಡದ ನೂಲಿನ ಸುತ್ತು ಬೆಳ್ಳಗಾಗಿ, ಅದರ ಮೇಲಿನ ವಾರ್ನಿಶ್ ರಾಗಿಕಾಳಿನಷ್ಟು ಗಾತ್ರದ ಗುಳ್ಳೆಗಳಾಗಿ ಎದ್ದಿತ್ತು, ಕಾರ್ಕ್ ಹಿಡಿಗೆ ಬೂಸ್ಟು ಹಿಡಿದಿತ್ತು. ರಾಡ್ ಈಗಲೂ ಚೆನ್ನಾಗಿ ಎಸೆಯುತ್ತದೆ, ಗುಳ್ಳೆಗಳು ಹಾಗೆಯೇ ಉಳಿದಿವೆ. ಅಂದಿನಿಂದ ಮನೆಗೆ ಬಂದ ಕೂಡಲೇ ನಾಲ್ಕು ತುಂಡುಗಳನ್ನೂ ಒರೆಸಿ, ರಾತ್ರಿಯೆಲ್ಲ ಗಾಳಿಯಾಡುವಂತೆ ಗೋಡೆಗೆ ಒರಗಿಸಿಟ್ಟು, ಬೆಳಿಗ್ಗೆಯೇ ಕೊಳವೆಗೆ ಹಾಕುತ್ತೇನೆ.